ಫಾರ್ಮ್ಯಾಟ್ ಹೊಡೆಯುವ ಹಿಂದಿನ ದಿನ: ಕಂಪ್ಯೂಟರಿಗೆ ಹೊಸದಾಗಿ ಓಎಸ್ ಹಾಕುವ ಮುನ್ನ

ಕಲಬುರಗಿಯಲ್ಲಿ ಯಾರೂ ‘ಆಪರೇಟಿಂಗ್ ಸಿಸ್ಟಂ (ಓಎಸ್) ಹೊಸದಾಗಿ ಹಾಕಬೇಕು’ ಎನ್ನುವುದಿಲ್ಲ. ‘ಸಿಸ್ಟಂ ಸ್ಲೋ ಆಗಿದೆ, ಒಂದು ಫಾರ್ಮ್ಯಾಟ್ ಹೊಡೆದುಬಿಡಿ’ ಎನ್ನುತ್ತಾರೆ. ಹೊಡೆಯುವುದು ಎಂಬ ಕ್ರಿಯಾಪದದಲ್ಲೇ ಅವಸರವಿದೆ. ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಇರುವ ಯಂತ್ರಕ್ಕೆ ವಿಂಡೋಸ್ ಹಾಕುವುದು ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ. ಅದಕ್ಕೆ ಮುಂಚಿನ ಸಿದ್ಧತೆಗೆ ಒಂದು ಇಡೀ ದಿನ ಬೇಕು. ಈ ಬರಹ ಆ ಒಂದು ದಿನದ ಬಗ್ಗೆ.

ನಾನು ಇದನ್ನು ಕಲಿತದ್ದು ನಮ್ಮ ಕಾಕಾ ಅವರ ಡಿಟಿಪಿ ಅಂಗಡಿಯಲ್ಲಿ. ಡಿ ಡ್ರೈವ್‌ನಲ್ಲಿದ್ದ ಲಗ್ನಪತ್ರಿಕೆಗಳ ಫೈಲುಗಳನ್ನೆಲ್ಲ ಜೋಪಾನವಾಗಿ ಹೊರಗಿನ ಹಾರ್ಡ್ ಡಿಸ್ಕ್‌ಗೆ ತೆಗೆದುಕೊಂಡು, ವಿಂಡೋಸ್ ಹಾಕಿ, ಎಲ್ಲವನ್ನೂ ವಾಪಸ್ ಇಟ್ಟೆ. ಒಂದು ಫೈಲೂ ಕಳೆದಿರಲಿಲ್ಲ. ಮೊದಲ ಪತ್ರಿಕೆ ತೆರೆದರೆ ‘ಶ್ರೀ ಶರಣಬಸವೇಶ್ವರ ಪ್ರಸನ್ನ’ ಎಂದಿರಬೇಕಾದ ಕಡೆ ಇಂಗ್ಲಿಷ್ ಅಕ್ಷರಗಳೂ, ತಲೆಯ ಮೇಲೆ ಚುಕ್ಕಿ ಗೀರು ಹೊತ್ತ ಯಾವುದೋ ಪರದೇಶದ ಅಕ್ಷರಗಳೂ ಸಂತೆಯ ಗುಂಪಿನಂತೆ ನಿಂತಿದ್ದವು. ಫೈಲು ಇತ್ತು, ಫಾಂಟ್ ಇರಲಿಲ್ಲ. ಸಂಜೆ ಏಳಕ್ಕೆ ಬೀಗರು ಪತ್ರಿಕೆ ಒಯ್ಯಲು ಬರುವವರಿದ್ದರು. ಕಾಕಾ ಬೈಯಲಿಲ್ಲ. ‘ನೀನು ಚಹಾ ಕುಡಿದು ಮನೆಗೆ ಹೋಗಪ್ಪ’ ಎಂದರು.

ಫಾರ್ಮ್ಯಾಟ್ ನಿಜಕ್ಕೂ ಬೇಕೇ?

ಯಂತ್ರ ನಿಧಾನವಾದ ಮಾತ್ರಕ್ಕೆ ವಿಂಡೋಸ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ನಾನು ಬಿಚ್ಚಿ ನೋಡಿದ ‘ಸ್ಲೋ ಸಿಸ್ಟಂ’ಗಳಲ್ಲಿ ಬಹುಪಾಲಿನ ರೋಗ ಎರಡೇ: ತಿರುಗುವ ಹಳೆಯ ಹಾರ್ಡ್ ಡಿಸ್ಕ್, ಇಲ್ಲವೇ ಧೂಳು. ದಾಲ್ ಮಿಲ್ಲಿನ ಪಕ್ಕದ ಕಚೇರಿಯ ಕಂಪ್ಯೂಟರ್ ಒಳಗೆ ತೊಗರಿ ಹೊಟ್ಟಿನ ಪುಡಿ, ಶಹಾಬಾದ್ ಕಡೆಯ ಪರಸಿ ಕಲ್ಲಿನ ಅಂಗಡಿಯ ಯಂತ್ರದಲ್ಲಿ ಬಿಳಿ ಧೂಳು ಫ್ಯಾನಿಗೆ ಕಂಬಳಿಯಂತೆ ಹೊದ್ದಿರುತ್ತದೆ. ಪ್ರೊಸೆಸರ್ ಕಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ನಮ್ಮ ಊರಿನಲ್ಲಿ ಮೇ ತಿಂಗಳಿನಲ್ಲಿ ಹೊರಗೆ 42 ಡಿಗ್ರಿ ಇರುವಾಗ ಡಬ್ಬಿಯ ಒಳಗಿನ ಗತಿ ಊಹಿಸಿಕೊಳ್ಳಿ. ಇದಕ್ಕೆ ಬೇಕಾದದ್ದು ಬ್ರಷ್ಷು, ಫಾರ್ಮ್ಯಾಟ್ ಅಲ್ಲ. ಧೂಳು ಊದುವಾಗ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಯ ರಭಸಕ್ಕೆ ಅದು ಹುಚ್ಚಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು ಡಿಸ್ಕ್ ಸಾಲನ್ನು ನೋಡಿ. ಏನೂ ಕೆಲಸ ಮಾಡದೆ ಕುಳಿತಾಗಲೂ ಅದು 100 ಶೇಕಡಾ ತೋರಿಸುತ್ತಿದ್ದರೆ ಡಿಸ್ಕ್‌ನ ಆರೋಗ್ಯ ಪರೀಕ್ಷಿಸಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಒಂದೇ ನಿಮಿಷದಲ್ಲಿ ಹೇಳುತ್ತದೆ: ನೀಲಿ ಬಣ್ಣದಲ್ಲಿ ‘ಗುಡ್’ ಇದ್ದರೆ ಸರಿ, ಹಳದಿಯಲ್ಲಿ ‘ಕಾಷನ್’ ಇದ್ದರೆ ಆ ಡಿಸ್ಕ್‌ನ ಮೇಲೆ ಹೊಸ ಓಎಸ್ ಹಾಕಬೇಡಿ. ಅದು ಬಿರುಕು ಬಿಟ್ಟ ಗೋಡೆಗೆ ಸುಣ್ಣ ಬಳಿದಂತೆ. ಡಿಸ್ಕ್‌ನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಪರೀಕ್ಷೆಯನ್ನೂ ಮಾಡಬೇಡಿ. ಬಹಳ ಮುಖ್ಯವಾದ ಫೈಲುಗಳನ್ನು ಮೊದಲು ತೆಗೆದುಕೊಂಡು ಯಂತ್ರ ಆರಿಸಿಬಿಡಿ.

ಹಾರ್ಡ್ ಡಿಸ್ಕ್ ಇನ್ನೂ ತಿರುಗುವ ಜಾತಿಯದೇ ಆಗಿದ್ದರೆ ನನ್ನ ಸಲಹೆ ಒಂದೇ. ಹೊಸ ಎಸ್‌ಎಸ್‌ಡಿ ಕೊಳ್ಳಿ, ಅದರ ಮೇಲೆ ಓಎಸ್ ಹಾಕಿ, ಹಳೆಯ ಡಿಸ್ಕ್ ಅನ್ನು ಮುಟ್ಟದೆ ಬಿಚ್ಚಿ ಕಪಾಟಿನಲ್ಲಿಡಿ. ಯಂತ್ರ ಹೊಸದರಂತೆ ಓಡುತ್ತದೆ. ಮರೆತುಹೋದದ್ದು ಎರಡು ತಿಂಗಳ ನಂತರ ನೆನಪಾದರೂ ಆ ಡಿಸ್ಕ್‌ನಲ್ಲಿ ಇದ್ದೇ ಇರುತ್ತದೆ. ಫಾರ್ಮ್ಯಾಟ್ ಕೂಲಿಯನ್ನು ಮೂರು ಸಲ ಕೊಡುವುದಕ್ಕಿಂತ ಇದು ಅಗ್ಗ.

ಯಾವ ಓಎಸ್?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಪ್ರತ್ಯೇಕವಾಗಿ ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಭದ್ರತಾ ಅಪ್‌ಡೇಟ್‌ಗಳ ಗಡುವು 2026ರ ಅಕ್ಟೋಬರ್ 13. ಹಾಗಾಗಿ ಇಷ್ಟೆಲ್ಲ ಕಷ್ಟಪಟ್ಟು ಮತ್ತೆ 10 ಅನ್ನೇ ಹಾಕುವುದರಲ್ಲಿ ಅರ್ಥವಿಲ್ಲ.

ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್ ಸಾಕು ಎಂದು ಕಾಗದದಲ್ಲಿದೆ. ನಾನು 8ಕ್ಕಿಂತ ಕಡಿಮೆ ಇದ್ದರೆ ಹಾಕುವುದಿಲ್ಲ. 64 ಜಿಬಿ ಜಾಗ, ಯುಇಎಫ್‌ಐ ಬಯಾಸ್ (ಯಂತ್ರ ಎದ್ದಾಗ ಓಎಸ್‌ಗಿಂತ ಮೊದಲು ನಡೆಯುವ ತಂತ್ರಾಂಶ), ಸೆಕ್ಯೂರ್ ಬೂಟ್, ಟಿಪಿಎಂ 2.0 (ಭದ್ರತೆಯ ಕೀಲಿಗಳನ್ನು ಕಾಯುವ ಭಾಗ) ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ನಂತರದ್ದು. ಟಿಪಿಎಂ ಇಲ್ಲವೆಂದು ತೋರಿಸಿದ ಕೂಡಲೇ ಕೈಬಿಡಬೇಡಿ. ಬಯಾಸ್‌ನಲ್ಲಿ ಅದು ಆಫ್ ಆಗಿರುವುದು ಸಾಮಾನ್ಯ. ಇಂಟೆಲ್ ಯಂತ್ರದಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ.

ಯಂತ್ರ ಹಳೆಯದಾಗಿದ್ದು ಕೆಲಸ ಬರೀ ಬ್ರೌಸರ್, ಪತ್ರ ಟೈಪಿಸುವುದು, ಮಕ್ಕಳ ಓದು ಇಷ್ಟೇ ಇದ್ದರೆ ಲಿನಕ್ಸ್ ಮಿಂಟ್ ಎಂಬ ಉಚಿತ ಓಎಸ್ ಹಾಕಿ. ಪೆನ್ ಡ್ರೈವ್‌ನಿಂದಲೇ ನಡೆಸಿ ನೋಡಿ, ವೈಫೈ ಮತ್ತು ಪ್ರಿಂಟರ್ ಕೆಲಸ ಮಾಡುತ್ತವೆಯೇ ಎಂದು ಖಚಿತಪಡಿಸಿಕೊಂಡ ಮೇಲೆ ಹಾಕಬಹುದು. ಆದರೆ ಲೆಕ್ಕದ ಟ್ಯಾಲಿ, ಪುಟವಿನ್ಯಾಸದ ಪೇಜ್‌ಮೇಕರ್, ಕನ್ನಡ ಟೈಪಿಂಗಿನ ಶ್ರೀಲಿಪಿ ಇಲ್ಲದೆ ಅಂಗಡಿ ನಡೆಯುವುದಿಲ್ಲ ಎನ್ನುವವರಿಗೆ ಲಿನಕ್ಸ್ ಮಾರಲು ನಾನು ಹೋಗುವುದಿಲ್ಲ.

ಗಂಟು ಕಟ್ಟುವುದು

ಬ್ಯಾಕಪ್ ಎಂದ ತಕ್ಷಣ ಬರುವ ಮಾತು: ‘ನನ್ನದೆಲ್ಲ ಡಿ ಡ್ರೈವ್‌ನಲ್ಲಿದೆ ಸರ್, ಸಿ ಒಂದೇ ಫಾರ್ಮ್ಯಾಟ್ ಮಾಡಿ.’ ಹೆಚ್ಚಿನ ಯಂತ್ರಗಳಲ್ಲಿ ಸಿ ಮತ್ತು ಡಿ ಒಂದೇ ಡಿಸ್ಕ್‌ನ ಎರಡು ಪಾಲು, ಒಂದೇ ಹೊಲದ ನಡುವೆ ಹಾಕಿದ ಬದು. ಡಿಸ್ಕ್ ಸತ್ತರೆ ಎರಡೂ ಒಟ್ಟಿಗೆ ಹೋಗುತ್ತವೆ. ಅಷ್ಟೇ ಅಲ್ಲ, ವಿಂಡೋಸ್ ಹಾಕುವ ಪರದೆಯಲ್ಲಿ ಸಿ, ಡಿ ಎಂಬ ಅಕ್ಷರಗಳೇ ಕಾಣುವುದಿಲ್ಲ. ಪಾರ್ಟಿಷನ್ 1, 2, 3, 4 ಎಂದು ಕಾಣುತ್ತವೆ. ರಾತ್ರಿ ಹತ್ತು ಗಂಟೆಗೆ ನಿದ್ದೆಗಣ್ಣಿನಲ್ಲಿ 3ರ ಬದಲು 4 ಅಳಿಸಿದವರು ನಾನೊಬ್ಬನೇ ಅಲ್ಲ. ಡಿ ಡ್ರೈವ್‌ನಲ್ಲಿರುವುದೂ ಹೊರಗಿನ ಡಿಸ್ಕ್‌ಗೆ ಹೋಗಲೇಬೇಕು.

ಆ ಹೊರಗಿನ ಡಿಸ್ಕ್ ಅನ್ನು ಹೆಸರುವಾಸಿ ಕಂಪನಿಯದನ್ನೇ ಕೊಳ್ಳಿ. ಕೆಲವು ನೂರು ರೂಪಾಯಿಗೆ 2 ಟಿಬಿ ಪೆನ್ ಡ್ರೈವ್ ಎಂದು ಮಾರುವವು ನಕಲಿ. ಒಳಗೆ 32 ಅಥವಾ 64 ಜಿಬಿ ಇರುತ್ತದೆ, 2 ಟಿಬಿ ಎಂದು ಸುಳ್ಳು ಹೇಳುವಂತೆ ತಿದ್ದಿರುತ್ತಾರೆ. ನಕಲು ಮಾಡುವಾಗ ಯಾವ ದೋಷವೂ ತೋರುವುದಿಲ್ಲ, ಹೆಸರುಗಳೆಲ್ಲ ಕಾಣುತ್ತವೆ, ತೆರೆದಾಗ ಮಾತ್ರ ಒಳಗೆ ಏನೂ ಇರುವುದಿಲ್ಲ.

ಇನ್ನು ಏನೇನು ತೆಗೆದುಕೊಳ್ಳಬೇಕು? ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲರಿಗೂ ನೆನಪಿರುತ್ತವೆ. ಮರೆಯುವುದು ಡೌನ್‌ಲೋಡ್ಸ್. ಮಗಳ ಅಂಕಪಟ್ಟಿ, ಜಾತಿ ಆದಾಯ ಪ್ರಮಾಣಪತ್ರ, ಹೊಲದ ಪಹಣಿ, ನೇಮಕಾತಿಗೆ ಅರ್ಜಿ ಹಾಕುವಾಗಲೆಲ್ಲ ಹುಡುಕಾಡುವ 371 (ಜೆ) ಪ್ರಮಾಣಪತ್ರದ ಸ್ಕ್ಯಾನ್, ಇವೆಲ್ಲ ನಮ್ಮ ಮನೆಗಳಲ್ಲಿ ಇರುವುದು ಆ ಫೋಲ್ಡರಿನಲ್ಲೇ, ಯಾರಿಗೂ ಅರ್ಥವಾಗದ ಅಂಕಿಗಳ ಹೆಸರಿನಲ್ಲಿ. ಸುಮ್ಮನೆ ಇಡೀ ಯೂಸರ್ಸ್ ಫೋಲ್ಡರ್ ಎತ್ತಿಕೊಳ್ಳಿ. ವಿಂಗಡಿಸುವ ಕೆಲಸ ಎಳ್ಳ ಅಮಾವಾಸ್ಯೆಯ ರಜೆಗೆ ಇರಲಿ.

ಒನ್‌ಡ್ರೈವ್ ಇದ್ದವರು ಫೈಲುಗಳ ಪಕ್ಕದ ಗುರುತು ನೋಡಬೇಕು. ಮೋಡದ ಚಿತ್ರವಿದ್ದರೆ ಆ ಫೈಲು ಯಂತ್ರದಲ್ಲಿಲ್ಲ, ಹೆಸರು ಮಾತ್ರ ಇದೆ. ಬಲ ಗುಂಡಿ ಒತ್ತಿ, ಯಾವಾಗಲೂ ಈ ಯಂತ್ರದಲ್ಲೇ ಇರಲಿ ಎಂಬ ಆಯ್ಕೆ ಒತ್ತಿ, ಪೂರ್ತಿ ಇಳಿದ ಮೇಲೆ ನಕಲು ಮಾಡಿ.

ಟ್ಯಾಲಿ ಬಳಸುವವರು ಅದರಲ್ಲೇ ಇರುವ ಬ್ಯಾಕಪ್ ತೆಗೆದುಕೊಂಡು, ಜೊತೆಗೆ ಡೇಟಾ ಫೋಲ್ಡರನ್ನೂ ಇಡಿಯಾಗಿ ನಕಲು ಮಾಡಬೇಕು. ಪ್ರತಿ ಕಂಪನಿಯ ಲೆಕ್ಕವೂ ಅಂಕಿಗಳ ಹೆಸರಿನ ಒಂದೊಂದು ಫೋಲ್ಡರಿನಲ್ಲಿರುತ್ತದೆ. ಹೆಸರಿಗೆ ಅರ್ಥವಿಲ್ಲವೆಂದು ‘ಇದು ಕಸ’ ಎಂದುಕೊಂಡು ಬಿಟ್ಟವರಿದ್ದಾರೆ. ಫಾರ್ಮ್ಯಾಟ್‌ಗೆ ಮೊದಲು ಟ್ಯಾಲಿಯ ಒಳಗಿನಿಂದಲೇ ಲೈಸೆನ್ಸ್ ಸರೆಂಡರ್ ಮಾಡಿ. ಇಲ್ಲದಿದ್ದರೆ ಹೊಸ ವಿಂಡೋಸ್‌ನಲ್ಲಿ ಅದು ತಕರಾರು ತೆಗೆಯಬಹುದು. ಟೆಂಡರ್ ಹಾಕುವ ಗುತ್ತಿಗೆದಾರರ ಡಿಜಿಟಲ್ ಸಹಿ ಯುಎಸ್‌ಬಿ ಟೋಕನ್ ಒಳಗಿರುವುದರಿಂದ ಅದಕ್ಕೆ ಏನೂ ಆಗದು. ಆದರೆ ಟೋಕನ್ ಓದಿಸುವ ಚಿಕ್ಕ ತಂತ್ರಾಂಶ, ಅಂದರೆ ಡ್ರೈವರ್, ಅಳಿಸಿಹೋಗುತ್ತದೆ, ಅದನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಟೆಂಡರಿನ ಕೊನೆಯ ದಿನದ ಹಿಂದುಮುಂದು ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ.

ಫಾಂಟ್

ಇದಕ್ಕೆ ಪ್ರತ್ಯೇಕ ತಲೆಬರಹ ಕೊಟ್ಟಿದ್ದೇನೆ, ಕಾಕಾ ಅವರ ನೆನಪಿಗೆ.

ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಹಳೆಯ ಫಾಂಟುಗಳಲ್ಲಿ, ಹಾಗೆಯೇ ಹಳೆಯ ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಟೈಪಿಸಿದ ಕಡತದ ಒಳಗೆ ಕನ್ನಡ ಎಂಬುದೇ ಇರುವುದಿಲ್ಲ. ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಆ ಸಂಕೇತದ ಜಾಗದಲ್ಲಿ ಕನ್ನಡದ ಆಕಾರ ಕೂರಿಸುವುದು ಫಾಂಟು. ಫಾಂಟು ಹೋದರೆ ವೇಷ ಕಳಚಿದ ಬಯಲಾಟದ ಪಾತ್ರಧಾರಿಯಂತೆ ಒಳಗಿನದು ಹೊರಬರುತ್ತದೆ. ಕನ್ನಡದ ಅಕ್ಷರಗಳಿಗೇ ಪ್ರತ್ಯೇಕ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಟೈಪಿಸಿದ್ದಕ್ಕೆ ಈ ಭಯವಿಲ್ಲ. ತುಂಗಾ ಫಾಂಟಿನಲ್ಲಿ ಬರೆದ ಪತ್ರವನ್ನು ತುಂಗಾ ಇಲ್ಲದ ಯಂತ್ರ ನಿರ್ಮಲಾದಲ್ಲಿ ತೋರಿಸುತ್ತದೆ, ಅಕ್ಷರದ ಚಂದ ಬದಲಾದರೂ ಓದಲು ಅಡ್ಡಿಯಿಲ್ಲ.

ಆದ್ದರಿಂದ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗಿರುವ ಫಾಂಟ್ಸ್ ಫೋಲ್ಡರನ್ನು ಪೂರ್ತಿಯಾಗಿ ನಕಲು ಮಾಡಿಕೊಳ್ಳಿ. ‘ನುಡಿ ಮತ್ತೆ ಇಳಿಸಿಕೊಂಡರೆ ಆಯಿತಲ್ಲ’ ಎನ್ನಬೇಡಿ. ನುಡಿಯ ಫಾಂಟುಗಳು ಸಿಗುತ್ತವೆ. ಹತ್ತು ವರ್ಷಗಳಿಂದ ಯಾರ್ಯಾರದೋ ಪೆನ್ ಡ್ರೈವ್‌ನಿಂದ ಬಂದು ಸೇರಿದ ಅಲಂಕಾರಿಕ ಫಾಂಟುಗಳು ಮತ್ತೆ ಸಿಗುವುದಿಲ್ಲ. ವಿಂಡೋಸ್ 10, 11ರಲ್ಲಿ ಒಬ್ಬ ಬಳಕೆದಾರನಿಗೆಂದಷ್ಟೇ ಹಾಕಿದ ಫಾಂಟುಗಳು ಆ ಬಳಕೆದಾರನ ಆ್ಯಪ್‌ಡೇಟಾ ಎಂಬ ಮರೆಮಾಡಿದ ಫೋಲ್ಡರಿನಲ್ಲಿ ಕುಳಿತಿರುತ್ತವೆ. ಮರೆಮಾಡಿದ್ದನ್ನು ತೋರಿಸುವ ಆಯ್ಕೆ ಒತ್ತಿ ಅದನ್ನೂ ತೆಗೆದುಕೊಳ್ಳಿ.

ಕಲಬುರಗಿ, ಬೀದರ್ ಕಡೆಯ ಅಂಗಡಿಗಳಿಗೆ ಇನ್ನೊಂದು ಮಾತು. ಒಂದೇ ಯಂತ್ರದಲ್ಲಿ ಬೆಳಿಗ್ಗೆ ಕನ್ನಡ ಪತ್ರಿಕೆ, ಮಧ್ಯಾಹ್ನ ಉರ್ದು ದಾವತ್‌ನಾಮಾ, ಸಂಜೆ ಮರಾಠಿ ಬ್ಯಾನರ್ ಆಗುತ್ತದೆ. ಉರ್ದು ಕೆಲಸದ ಇನ್‌ಪೇಜ್ ತನ್ನದೇ ಬಗೆಯ ಫೈಲುಗಳನ್ನು ಉಳಿಸುತ್ತದೆ. ತಂತ್ರಾಂಶವಿಲ್ಲದೆ ಅವು ಸರಿಯಾಗಿ ತೆರೆಯುವುದಿಲ್ಲ. ಇಂಥವುಗಳ ಡಾಂಗಲ್ (ತಂತ್ರಾಂಶ ತೆರೆಯಲು ಯಂತ್ರಕ್ಕೆ ಚುಚ್ಚುವ ಕೀಲಿ), ಸಿ.ಡಿ., ಸೀರಿಯಲ್ ಸಂಖ್ಯೆ ಎಲ್ಲಿವೆ ಎಂದು ಫಾರ್ಮ್ಯಾಟ್‌ಗೆ ಮೊದಲು ಹುಡುಕಿ ಮೇಜಿನ ಮೇಲಿಡಿ. ಮೇಜಿನ ಮೇಲೆ ಬರುವವರೆಗೂ ಯಂತ್ರ ಮುಟ್ಟಬೇಡಿ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದರ ಮೂಲ ಸಿ.ಡಿ. ಅಂಗಡಿಯಲ್ಲಿ ಇನ್ನೂ ಇದ್ದರೆ ನೀವು ಪುಣ್ಯವಂತರು.

ಎಲ್ಲ ನಕಲಾದ ಮೇಲೆ ಮೂಲ ಮತ್ತು ಪ್ರತಿ ಎರಡರ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ ಹೋಲಿಸಿ. ಬಳಿಕ ಆ ಡಿಸ್ಕ್ ಅನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ ಹತ್ತು ಫೈಲುಗಳನ್ನಾದರೂ ತೆರೆದು ನೋಡಿ: ಒಂದು ಫೋಟೊ, ಒಂದು ಎಕ್ಸೆಲ್, ಒಂದು ಹಳೆಯ ಲಗ್ನಪತ್ರಿಕೆ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಕರೆಯುವುದಿಲ್ಲ.

ಕೀಲಿಕೈಗಳು

ಈಗಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಕೀ ಮದರ್‌ಬೋರ್ಡ್‌ನಲ್ಲೇ ಅಡಗಿರುತ್ತದೆ. ಅದೇ ಆವೃತ್ತಿ ಹಾಕಿದರೆ ತಾನೇ ಸಕ್ರಿಯವಾಗುತ್ತದೆ. ಸೆಟ್ಟಿಂಗ್ಸ್‌ನ ಆ್ಯಕ್ಟಿವೇಶನ್ ಪುಟ ತೆರೆದು ಹೋಂ ಇದೆಯೇ, ಪ್ರೊ ಇದೆಯೇ ಎಂದು ಬರೆದಿಟ್ಟುಕೊಳ್ಳಿ. ಹೋಂ ಇದ್ದ ಯಂತ್ರಕ್ಕೆ ಪ್ರೊ ಹಾಕಿ ‘ಆ್ಯಕ್ಟಿವೇಟ್ ಆಗುತ್ತಿಲ್ಲ’ ಎಂದು ಕೊರಗುವವರು ಬಹಳ. ಲ್ಯಾಪ್‌ಟಾಪ್ ಜೊತೆ ಬಂದ ಆಫೀಸ್ ಮಾತ್ರ ಯಾವುದೋ ಒಂದು ಮೈಕ್ರೋಸಾಫ್ಟ್ ಖಾತೆಗೆ ಅಂಟಿರುತ್ತದೆ. ಲ್ಯಾಪ್‌ಟಾಪ್ ಕೊಂಡ ದಿನ ಆ ಖಾತೆಯನ್ನು ಅಂಗಡಿಯ ಹುಡುಗ ತೆರೆದಿರುತ್ತಾನೆ, ಗುಪ್ತಪದ ಅವನಿಗೂ ನೆನಪಿರುವುದಿಲ್ಲ. ಫೋನಿನಿಂದ ಒಮ್ಮೆ ಲಾಗಿನ್ ಆಗಿ ಪರೀಕ್ಷಿಸಿ. ಬ್ರೌಸರಿನ ಪಾಸ್‌ವರ್ಡ್, ಬುಕ್‌ಮಾರ್ಕ್‌ಗಳೂ ಹಾಗೆಯೇ: ಸಿಂಕ್ ಆಗಿವೆ ಎಂದು ನಂಬಬೇಡಿ, ಫೋನಿನಲ್ಲಿ ಕಾಣುತ್ತವೆಯೇ ನೋಡಿ.

ಎಲ್ಲಕ್ಕಿಂತ ಮುಖ್ಯ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್. ಅನೇಕ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಗೂಢಲಿಪೀಕರಣ ನಿಮಗೆ ತಿಳಿಯದೆಯೇ ಚಾಲನೆಯಲ್ಲಿರುತ್ತದೆ. ಬಯಾಸ್‌ನಲ್ಲಿ ಏನಾದರೂ ಬದಲಿಸಿದ ಮೇಲೆ ನೀಲಿ ಪರದೆ ಬಂದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಈಗಲೇ ತೆಗೆದು ಕಾಗದದ ಮೇಲೆ ಬರೆದುಕೊಳ್ಳಿ. ಹಳೆಯ ಡಿಸ್ಕ್ ಕಪಾಟಿನಲ್ಲಿಡುವ ನನ್ನ ಸಲಹೆ ಒಪ್ಪಿದವರಂತೂ ಬಿಚ್ಚುವ ಮೊದಲು ಗೂಢಲಿಪೀಕರಣವನ್ನು ಆಫ್ ಮಾಡಿ, ಅದು ಪೂರ್ತಿ ಮುಗಿಯುವವರೆಗೆ ಕಾಯಬೇಕು. ಇಲ್ಲದಿದ್ದರೆ ಕಪಾಟಿನಲ್ಲಿರುವುದು ಬೀಗ ಹಾಕಿದ ಪೆಟ್ಟಿಗೆ.

ಪೆನ್ ಡ್ರೈವ್ ಮತ್ತು ಡ್ರೈವರ್

ಕನಿಷ್ಠ 8 ಜಿಬಿಯ ಪೆನ್ ಡ್ರೈವ್ ಬೇಕು, ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ವಿಂಡೋಸ್ 11ರ ಫೈಲು 5 ಜಿಬಿಗಿಂತ ದೊಡ್ಡದು. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್‌ನಲ್ಲಿ ಆಗುವ ಮಾತಲ್ಲ. ಬ್ರಾಡ್‌ಬ್ಯಾಂಡ್ ಇರುವ ಗೆಳೆಯರ ಮನೆಗೆ ಹೋಗಿ ಮೈಕ್ರೋಸಾಫ್ಟ್‌ನ ತಾಣದಿಂದಲೇ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ ಪೆನ್ ಡ್ರೈವ್ ತಯಾರಿಸಿಕೊಳ್ಳಿ. ‘ಎಲ್ಲ ಸಾಫ್ಟ್‌ವೇರ್ ಹಾಕಿದ, ಆ್ಯಕ್ಟಿವೇಟ್ ಆದ ವಿಂಡೋಸ್’ ಎಂದು ಕೈಯಿಂದ ಕೈಗೆ ಓಡಾಡುವ ಪ್ರತಿಗಳನ್ನು ಬ್ಯಾಂಕ್ ವ್ಯವಹಾರ ಮಾಡುವ ಯಂತ್ರಕ್ಕೆ ಹಾಕಬೇಡಿ. ಅದರೊಳಗೆ ಇನ್ನೇನು ಹಾಕಿದ್ದಾರೆಂದು ನೋಡಲು ಬರುವುದಿಲ್ಲ.

ಅದೇ ಕೂರುವಿಕೆಯಲ್ಲಿ ನಿಮ್ಮ ಮಾದರಿಯ ವೈಫೈ ಡ್ರೈವರ್ ಅನ್ನು ತಯಾರಕರ ತಾಣದಿಂದ ಇಳಿಸಿ ಇನ್ನೊಂದು ಪೆನ್ ಡ್ರೈವ್‌ಗೆ ಹಾಕಿಕೊಳ್ಳಿ. ವಿಂಡೋಸ್ 11 ಹಾಕುವಾಗ ಇಂಟರ್‌ನೆಟ್ ಕೇಳುತ್ತದೆ, ವೈಫೈ ಡ್ರೈವರ್ ಇಲ್ಲದೆ ಇಂಟರ್‌ನೆಟ್ ಇಲ್ಲ, ಇಂಟರ್‌ನೆಟ್ ಇಲ್ಲದೆ ಡ್ರೈವರ್ ಇಲ್ಲ. ಸಿಕ್ಕಿಬಿದ್ದರೆ ಆ್ಯಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಚ್ಚಿ. ಇಂಟೆಲ್ 11ನೇ ತಲೆಮಾರು ಮತ್ತು ನಂತರದ ಹಲವು ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಹಾಕುವಾಗ ಡಿಸ್ಕ್ ಕಾಣುವುದೇ ಇಲ್ಲ. ಎಸ್‌ಎಸ್‌ಡಿ ಸತ್ತಿತೆಂದು ಗಾಬರಿಯಾಗಬೇಡಿ. ಅದಕ್ಕೆ ಬೇಕಾದದ್ದು ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್. ಅದರ ಫೈಲನ್ನು ಎಕ್ಸ್‌ಟ್ರ್ಯಾಕ್ಟ್ ಮಾಡಿ ಪೆನ್ ಡ್ರೈವ್‌ನಲ್ಲಿಟ್ಟುಕೊಂಡು ‘ಲೋಡ್ ಡ್ರೈವರ್’ ಒತ್ತಿ ತೋರಿಸಿದರೆ ಡಿಸ್ಕ್ ಪ್ರತ್ಯಕ್ಷವಾಗುತ್ತದೆ.

ತಾಲೀಮು

ನಾಟಕಕ್ಕೆ ತಾಲೀಮು ಇದ್ದಂತೆ ಇದಕ್ಕೂ ಒಂದು ಬೇಕು. ಏನನ್ನೂ ಅಳಿಸದೆ, ಪೆನ್ ಡ್ರೈವ್‌ನಿಂದ ಯಂತ್ರವನ್ನು ಒಮ್ಮೆ ಎಬ್ಬಿಸಿ ನೋಡಿ. ಡೆಲ್ ಮತ್ತು ಹೆಚ್ಚಿನ ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸುಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್ ಒತ್ತಿದರೆ ಯಾವುದರಿಂದ ಶುರುವಾಗಬೇಕೆಂಬ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ಪೆನ್ ಡ್ರೈವ್ ಎರಡು ಸಲ ಕಂಡರೆ ಯುಇಎಫ್‌ಐ ಎಂದು ಹೆಸರಿರುವುದನ್ನೇ ಆರಿಸಿ. ಇಲ್ಲದಿದ್ದರೆ ಡಿಸ್ಕ್ ಜಿಪಿಟಿ (ಪಾರ್ಟಿಷನ್ ಮಾಡುವ ಹೊಸ ಬಗೆ) ಇದೆ, ಇಲ್ಲಿ ಹಾಕಲಾಗದು ಎಂಬ ಸಂದೇಶ ಬಂದು ತಲೆ ಕೆಡುತ್ತದೆ. ಡಿಸ್ಕ್‌ಗಳ ಪಟ್ಟಿಯ ಪರದೆಯವರೆಗೆ ಹೋಗಿ, ಕೀಬೋರ್ಡ್ ಮೌಸ್ ನಡೆಯುತ್ತವೆ, ಡಿಸ್ಕ್ ಕಾಣುತ್ತದೆ ಎಂದಾದ ಮೇಲೆ ರದ್ದುಮಾಡಿ ಹೊರಬನ್ನಿ. ಏನಾದರೂ ಕಂಟಕವಿದ್ದರೆ ಹಳೆಯ ವಿಂಡೋಸ್ ಬದುಕಿರುವಾಗಲೇ ಗೊತ್ತಾಗಲಿ.

ಯಂತ್ರದ ತಾರೀಖು ಸರಿಯಿದೆಯೇ ಎಂದೂ ನೋಡಿ. ಪ್ರತಿ ಸಲ ಹಳೆಯ ವರ್ಷಕ್ಕೆ ಜಾರುತ್ತಿದ್ದರೆ ಮದರ್‌ಬೋರ್ಡ್‌ನ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಸತ್ತಿದೆ. ತಾರೀಖು ತಪ್ಪಿದರೆ ಅಪ್‌ಡೇಟ್ ಮತ್ತು ಸುರಕ್ಷಿತ ತಾಣಗಳು ಕೈಕೊಡುತ್ತವೆ.

ಆ ದಿನ

ಬೇಸಿಗೆಯಾದರೆ ಬೆಳಿಗ್ಗೆ ಆರಕ್ಕೆ ಕುಳಿತುಕೊಳ್ಳಿ. ಯಂತ್ರಕ್ಕೂ ತಂಪು, ನಿಮ್ಮ ತಲೆಗೂ ತಂಪು. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿ ಚಾರ್ಜರ್‌ಗೂ ಜೋಡಿಸಿರಲಿ; ಡೆಸ್ಕ್‌ಟಾಪ್ ಯುಪಿಎಸ್ ಮೇಲಿರಲಿ. ವಿಂಡೋಸ್ ಹಾಕುವ ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ ಹಾಕಬಹುದು. ಬಯಾಸ್ ಅಪ್‌ಡೇಟ್ ನಡುವೆ ಹೋದರೆ ಮದರ್‌ಬೋರ್ಡೇ ಹೋಗಬಹುದು, ಹಾಗಾಗಿ ಅಗತ್ಯವಿಲ್ಲದೆ ಅದಕ್ಕೆ ಕೈ ಹಾಕಬೇಡಿ.

ಓಎಸ್ ಹೋಗಬೇಕಾದ ಒಂದು ಡಿಸ್ಕ್ ಬಿಟ್ಟು ಉಳಿದೆಲ್ಲವನ್ನೂ ಬಿಚ್ಚಿ. ಬ್ಯಾಕಪ್ ಡಿಸ್ಕ್ ಅಂತೂ ಬೇರೆ ಕೋಣೆಯಲ್ಲಿರಲಿ. ಎರಡು ಡಿಸ್ಕ್ ಇರುವ ಯಂತ್ರದಲ್ಲಿ ವಿಂಡೋಸ್ ಕೆಲವೊಮ್ಮೆ ತನ್ನ ಬೂಟ್ ಭಾಗವನ್ನು ಇನ್ನೊಂದು ಡಿಸ್ಕ್‌ನಲ್ಲಿ ಇಡುತ್ತದೆ. ಮುಂದೊಂದು ದಿನ ಆ ಡಿಸ್ಕ್ ತೆಗೆದಾಗ ಯಂತ್ರ ಏಳುವುದಿಲ್ಲ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಪಟ್ಟಿಯಲ್ಲಿ ಡಿಸ್ಕ್ ಅನ್ನು ಗಾತ್ರದಿಂದ ಗುರುತಿಸಿ: ಪೆಟ್ಟಿಗೆಯ ಮೇಲೆ 256 ಜಿಬಿ ಎಂದಿರುವುದು ಸುಮಾರು 238 ಎಂದೂ, 500 ಇರುವುದು 465 ಎಂದೂ, 1 ಟಿಬಿ ಇರುವುದು 931 ಎಂದೂ ಕಾಣುತ್ತದೆ. ಆ ಡಿಸ್ಕ್‌ನ ಪಾರ್ಟಿಷನ್‌ಗಳನ್ನೆಲ್ಲ ಅಳಿಸಿ ಒಂದೇ ಖಾಲಿ ಜಾಗವಾಗಿಸಿ, ಅದನ್ನು ಆರಿಸಿ ಮುಂದುವರಿಯಿರಿ. ಬೇಕಾದ ಭಾಗಗಳನ್ನು ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ. ಮೊದಲ ರೀಸ್ಟಾರ್ಟ್ ಆಗುವಾಗ ಪೆನ್ ಡ್ರೈವ್ ಕಿತ್ತುಬಿಡಿ. ಬಿಟ್ಟರೆ ಕೆಲವು ಯಂತ್ರಗಳು ಮತ್ತೆ ಅದರಿಂದಲೇ ಎದ್ದು ಮೊದಲ ಪರದೆಗೆ ಬಂದು ನಿಲ್ಲುತ್ತವೆ.

ಡೆಸ್ಕ್‌ಟಾಪ್ ಕಂಡ ಮೇಲೆ ನಾನು ಮೊದಲು ತೆರೆಯುವುದು ಬ್ಯಾಕಪ್ಪಿನ ಫಾಂಟ್ ಫೋಲ್ಡರ್. ಎಲ್ಲವನ್ನೂ ಆಯ್ದು, ಬಲ ಗುಂಡಿ ಒತ್ತಿ, ಎಲ್ಲ ಬಳಕೆದಾರರಿಗೂ ಹಾಕು ಎಂಬ ಆಯ್ಕೆಯನ್ನೇ ಒತ್ತುತ್ತೇನೆ. ಒಬ್ಬರಿಗಷ್ಟೇ ಹಾಕಿದರೆ ಕೆಲವು ಹಳೆಯ ತಂತ್ರಾಂಶಗಳಿಗೆ ಆ ಫಾಂಟು ಕಾಣುವುದಿಲ್ಲ. ಪೇಜ್‌ಮೇಕರ್ ಹಾಕಿ ಒಂದು ಹಳೆಯ ಲಗ್ನಪತ್ರಿಕೆ ತೆರೆಯುತ್ತೇನೆ. ಶರಣಬಸವೇಶ್ವರರು ಕನ್ನಡದಲ್ಲಿ ಪ್ರಸನ್ನರಾದರೆ ಉಳಿದ ಸಾಫ್ಟ್‌ವೇರ್‌ಗಳ ಕಡೆ ಹೋಗುತ್ತೇನೆ.